ಎಲ್ಲಿಗೂ ಹೋಗದ ನೀಲಿ ಪೈಪು

ಆ ಬೆಳಗ್ಗೆ ಪಾಲಾಕ್ಷ ಕಣ್ಣು ಬಿಡುವಷ್ಟರಲ್ಲಿ ಸೂರ್ಯ ಹಗರಿಬೊಮ್ಮನಹಳ್ಳಿಯ ಅರ್ಧ ತಾಲೂಕನ್ನು ಹುರಿದು ಮುಗಿಸಿ, ಉಳಿದರ್ಧಕ್ಕೆ ಒಗ್ಗರಣೆ ಹಾಕಲು ಕೂತಿದ್ದ. ಈ ಸೂರ್ಯನನ್ನು ಚಿತ್ ಮಾಡಿದ ಗಂಡಸು ಭೂಮಂಡಲದಲ್ಲಿ ಒಬ್ಬನೇ, ಅವನು ಕೂಡ್ಲಿಗಿ ರಸ್ತೆಯ ಓಣಿಯಲ್ಲಿ ಹಸಿರುಮಾಳಿಗೆ ಕಟ್ಟಿದ ಪಾಲಾಕ್ಷ ಎಂಬುದರಲ್ಲಿ ಅವನಿಗೆ ಎಂದೂ ಅನುಮಾನ ಇರಲಿಲ್ಲ. ಮೂರಂತಸ್ತು, ಆರು ಮನೆ. ಅದೇ ಜಾಗದ ಮಣ್ಣನ್ನು ಒತ್ತಿ ಮಾಡಿದ ಇಟ್ಟಿಗೆ. ಮೇ ತಿಂಗಳ ಮಟಮಟ ಮಧ್ಯಾಹ್ನ ಒಳಗೆ ಕಾಲಿಟ್ಟವರು ಕಂಬಳಿ ಕೇಳುತ್ತಾರೆ. ತಾರಸಿಯ ಸೋಲಾರ್ ಫಲಕಗಳು ಮನಸ್ಸು ಮಾಡಿದರೆ ಹೊಸಪೇಟೆಯ ಬೀದಿದೀಪಗಳನ್ನೆಲ್ಲ ಉರಿಸಿ, ಮಿಕ್ಕಿದ್ದನ್ನು ಸರ್ಕಾರಕ್ಕೆ ಕೈಗಡ ಕೊಟ್ಟಾವು. ಮಳೆನೀರಿನ ತೊಟ್ಟಿಗೆ ತುಂಗಭದ್ರೆ ಇಳಿದರೆ ದಾರಿ ತಪ್ಪಿ, ಮೈಲಾರ ಯಾವ ಕಡೆ ಎಂದು ಕೇಳಬೇಕು. ಇಷ್ಟೆಲ್ಲ ಇದ್ದೂ ಆ ಬೆಳಗ್ಗೆ ಅವನ ಹೊಟ್ಟೆಯೊಳಗೆ ಒಂದು ಪೈಪು ಅಡ್ಡಲಾಗಿ ಸಿಕ್ಕಿಕೊಂಡಂತಿತ್ತು. ನೀಲಿ ಬಣ್ಣದ್ದು. ನೆಲಮಹಡಿಯ ಮನೆಯೊಂದರ ಬಚ್ಚಲ ಗೋಡೆಯಿಂದ ಹೊರಬಂದು, ಅಂಗಳದ ಉದ್ದಕ್ಕೂ ಪಾಳೇಗಾರನ ಗತ್ತಿನಲ್ಲಿ ನಡೆದು, ತುಳಸಿಕಟ್ಟೆಯ ಹಿಂದೆ ನೆಲದೊಳಕ್ಕೆ ಇಳಿದು, ಅಲ್ಲಿ ಕತ್ತಲಲ್ಲಿ ಒಂದು ಹಿಡಿ ಸಿಮೆಂಟಿಗೆ ಮೂಗು ಒತ್ತಿಕೊಂಡು ಮುಗಿದುಹೋಗುವ ಪೈಪು. ಹುಟ್ಟಿದ ಪೈಪೆಲ್ಲ ಎಲ್ಲಿಗಾದರೂ ಹೋಗಲೇಬೇಕು. ಎಲ್ಲಿಗೂ ಹೋಗದ ಪೈಪು ಜಗತ್ತಿನಲ್ಲಿ ಅದೊಂದೇ, ಅದನ್ನು ಹಾಕಿಸಿದವನೂ ತಾನೊಬ್ಬನೇ ಎಂದು ಯೋಚಿಸಿದಾಗ, ಅಂಥ ನಾಚಿಕೆಯಲ್ಲೂ ಅವನಿಗೆ ಎಳ್ಳಿನಷ್ಟು ಹೆಮ್ಮೆಯಾಯಿತು.

“ಡಾಕ್ಟ್ರು ಬ್ಯಾರೆ ಮನಿ ನೋಡಾಕತ್ತಾರಂತ, ಗೊತ್ತೈತೇನು?” ಅಡುಗೆಮನೆಯಿಂದ ಹೆಂಡತಿ ರೇಖಾಳ ದನಿ ಬಂತು.

“ಯಾವ ಡಾಕ್ಟ್ರು?”

“ಊರಾಗ ನೂರು ಡಾಕ್ಟ್ರು ಅದಾರ ನೋಡ್ರಿ ನಿಮಗ! ದನದ ಡಾಕ್ಟ್ರು, ಸಮತಾ. ಹಡಗಲಿ ರಸ್ತಿ ಕಡೆ ಮನಿ ಕೇಳಾಕತ್ತಾರಂತ. ಹಾಲಿನಾಕಿ ಹೇಳಿದ್ಲು.”

“ನೋಡ್ಲಿ ಬಿಡು. ನಾಕು ಮನಿ ನೋಡಿದಮ್ಯಾಲ ನನ್ನ ಮನಿ ಬೆಲಿ ಗೊತ್ತಾಕೈತಿ.”

“ಇವತ್ತು ಕೊಟ್ರಮ್ಮಕ್ಕಾರು ಹಾಲು ಉಕ್ಕಿಸಾಕತ್ತಾರ. ಎದ್ದು ಜಳಕಾ ಮಾಡ್ಕೊಂಡು ಹೋಗ್ರಿ. ಮೈ ನೋಡ್ಕೊರಿ, ಇಟ್ಟಿಗಿ ಭಟ್ಟಿ ಆಗೈತಿ.”

“ಬಂದು ಮಾಡ್ತೀನಿ. ಅಕ್ಕಾರು ತಲಿಮ್ಯಾಲ ನೀರು ಹಾಕ್ಕೊಳ್ಳೋದ್ರಾಗ ನಾ ಅಲ್ಲಿರಬೇಕು.”

“ಅವರ ತಲಿ, ಅವರ ನೀರು. ಅಲ್ಲಿ ನಿಮಗೇನು ಕೆಲಸ?”

ಪಾಲಾಕ್ಷ ನಿನ್ನೆಯ ಅಂಗಿಯನ್ನೇ ತೊಟ್ಟು ಬೈಕು ಒದ್ದ. ತನ್ನ ಮನೆಯ ಹಿತ್ತಿಲಲ್ಲಿ ತಾಮ್ರದ ಹಂಡೆ, ಕಲ್ಲಿನ ಬಚ್ಚಲು, ಬಚ್ಚಲ ನೀರು ಕುಡಿದು ಆನೆಯಂತೆ ಬೆಳೆದ ಬಾಳೆಗಿಡಗಳು ಅವನನ್ನು ನೋಡುತ್ತ ನಿಂತಿದ್ದವು. ಆ ಬಾಳೆಯ ಹಣ್ಣನ್ನು ಹಬ್ಬಕ್ಕೆ ದೇವರ ಮುಂದೆ ಇಡುವಾಗ ಯಾರೂ ಯಾವ ಪೈಪು ಎಂದು ಕೇಳಿರಲಿಲ್ಲ. ಹಸಿರುಮಾಳಿಗೆಗೆ ಅವನ ತಲೆ ಓಡಿದ್ದೇ ಅಲ್ಲಿಂದ. ಆರು ಮನೆಯ ಬಚ್ಚಲ ನೀರೂ ಒಂದೇ ಕಡೆ ಬಿದ್ದು, ಜಲ್ಲಿ, ಮರಳು, ಇದ್ದಿಲು ದಾಟಿ, ಅಂಗಳದ ಮಲ್ಲಿಗೆ ಗಿಡಗಳ ಬುಡಕ್ಕೆ ಹೋಗಬೇಕು. ಹಡಗಲಿಯಿಂದ ತಾನೇ ಆರಿಸಿ ತಂದ ಸಸಿಗಳು ಅವು. ಅಲ್ಲಿ ಬಿಟ್ಟ ಮೊಗ್ಗಿನ ಘಮಕ್ಕೆ ಕೊಟ್ಟೂರಿನ ಜನ ನಿದ್ದೆಗಣ್ಣಲ್ಲಿ ಎದ್ದು ಕೂತರೆಂದು ಪಾಲಾಕ್ಷ ಹೇಳುತ್ತಾನೆ, ಕೇಳಿದವರು ಮೂಗು ಏರಿಸಿ ನೋಡುತ್ತಾರೆ. ಎಲ್ಲರ ನೀರೂ ಮೊದಲು ಬಂದು ಬೀಳುವ ಜಾಗಕ್ಕೆ, ಬಾಗಿಲ ಪಕ್ಕದ ಗೋಡೆಯಲ್ಲಿ, ಗಾಜು ಹಾಕಿಸಿದ್ದ. ಬಂದವರಿಗೆ ತೋರಿಸಬೇಕಲ್ಲ! ಓಣಿಯವರು ಅದನ್ನು ಪಾಲಾಕ್ಷನ ಟೀವಿ ಎಂದು ಕರೆದರು. ಬೆಳಗ್ಗೆ ಜಳಕದ ಹೊತ್ತಿನಲ್ಲಿ ಒಂದೊಂದು ಪೈಪಿನ ಬಾಯಿಂದ ಬಿಳಿ ನೊರೆ, ಹಳದಿ ನೊರೆ, ಸೀಗೆಕಾಯಿಯ ಕಂದು ನೀರು ಧುಮುಕಿ ಒಂದಕ್ಕೊಂದು ಕೈ ಹಿಡಿದು ಸುತ್ತು ಹೊಡೆಯುವುದನ್ನು ನೋಡಲು ಓಣಿಯ ಮಂದಿ ನಿಲ್ಲುತ್ತಿದ್ದರು. ಮೇಲಿನ ಮೂಲೆಯ ಒಂದು ಬಾಯಿ ಮಾತ್ರ ಒಣಗಿತ್ತು. ಅದು ಮೂರನೇ ಅಂತಸ್ತಿನಲ್ಲಿ ಪಾಲಾಕ್ಷ ತನಗೇ ಎಂದು ಇಟ್ಟುಕೊಂಡ ಮನೆಯದು. ಮನೆ ಮಾರುವಾಗೆಲ್ಲ “ನಾನೂ ಇಲ್ಲೇ ಇರ್ತೀನ್ರಿ, ಕಟ್ಟಿದಾವ್ನಾ ಇದ್ದಮ್ಯಾಲ ನಿಮಗ್ಯಾಕ ಅನುಮಾನ” ಎನ್ನುತ್ತಿದ್ದವನು, ಈವರೆಗೆ ಅಲ್ಲಿ ಕೈ ತೊಳೆಯಲೂ ಒಂದು ಹನಿ ಬಿಟ್ಟಿರಲಿಲ್ಲ. ಆ ಬಾಯಿಗೆ ಜೇಡ ಬಲೆ ಕಟ್ಟಿತ್ತು.

ರೈಲ್ವೆ ಗೇಟು ಅವನು ಬರುವುದನ್ನೇ ಕಾದಿದ್ದು ಮುಖದ ಮೇಲೆ ಬಿತ್ತು. ಗೂಡ್ಸ್ ಗಾಡಿ. ಅದರ ಇಂಜಿನ್ನು ಕೊಟ್ಟೂರು ಮುಟ್ಟಿ ಚಹಾ ಕುಡಿಯುತ್ತಿರುವಾಗ ಬಾಲ ಇನ್ನೂ ಮರಿಯಮ್ಮನಹಳ್ಳಿಯಲ್ಲಿ ತೂಕಡಿಸುತ್ತಿರುತ್ತದೆ, ಅಂಥ ಉದ್ದ. ಡಬ್ಬಿಯ ಹಿಂದೆ ಡಬ್ಬಿ ದಾಟುವುದನ್ನು ನೋಡುತ್ತ ನಿಂತವನಿಗೆ ಅಕ್ಕಾರು ಟೀವಿಯ ಮುಂದೆ ಸೆರಗು ಬಿಗಿದುಕೊಂಡು ನಿಂತ ದಿನ ಕಣ್ಣಿಗೆ ಬಂತು. ಹುಟ್ಟೂರು ಇಟ್ಟಿಗಿಯ ಶಾಲೆಯಲ್ಲಿ ಅವನಿಗೆ ಮಗ್ಗಿ ಕಲಿಸಿದ ಕೊಟ್ರಮ್ಮ, ಈಗ ನಿವೃತ್ತರಾಗಿ, ತವರೂರು ಕೊಟ್ಟೂರು ಬಿಟ್ಟು ನೆಲಮಹಡಿಯ ಮನೆ ಕೊಂಡವರು. ಅವನಿಗೆ ಐವತ್ತು ದಾಟಿದರೂ ಅವರ ಕಣ್ಣಿಗೆ ಅವನ ಚಡ್ಡಿಯ ಗುಂಡಿ ಇನ್ನೂ ಕಿತ್ತೇ ಇತ್ತು. “ಲೇ ಪಾಲಾಕ್ಷಾ, ಈ ನೀರು ಯಾರ್ಯಾರದೋ?” ಎಂದು ಕೇಳಿದ್ದರು. ಕೇಳಿದ್ದು ಇಷ್ಟೇ. ಗಾಜಿನಾಚೆ ಎರಡು ನೊರೆ ಕೂಡಿ ಒಂದಾಗುತ್ತಿತ್ತು. ಯಾರ್ಯಾರದೋ ಎಂಬ ಆ ಮಾತಿನೊಳಗೆ ಎದುರುಮನೆಯ ಬಳೆ ಅಂಗಡಿ ಮುನ್ನೀ ಬೀ ಇದ್ದಳು; ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಂದರೆ ಅಕ್ಕಾರ ಲೆಕ್ಕದಲ್ಲಿ ಎಷ್ಟೋ ಮೆಟ್ಟಿಲು ಕೆಳಗೆ, ಅವರ ಬಚ್ಚಲಿಗೆ ಸರಿಯಾಗಿ ನೆತ್ತಿಯ ಮೇಲೆ, ಸಮತಾ ಡಾಕ್ಟ್ರು ಇದ್ದರು. ಇದೇ ಊರಿನ ಕೇರಿಯಲ್ಲಿ ಹುಟ್ಟಿ, ಓದಿ, ನೌಕರಿ ಹಿಡಿದು, ಹಾಲು ಉಕ್ಕಿಸದೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಮನೆಯೊಳಗೆ ಬಂದವರು. ಆ ದಿನ ಅವರು ಕೊಟ್ಟ ಪಾಯಸವನ್ನು ಪಾಲಾಕ್ಷ ಮೂರು ಬಟ್ಟಲು ಕುಡಿದಿದ್ದ. ಕುಡಿದಿದ್ದನ್ನು ಮೂವತ್ತು ಜನಕ್ಕೆ ಹೇಳಿದ್ದ. ಯಾಕೆ ಹೇಳಿದೆ? ರೇಖಾ ಮಾಡಿದ ಪಾಯಸ ಕುಡಿದು ಯಾರಿಗಾದರೂ ಹೇಳಿದ್ದೇನೆಯೇ? ಡಬ್ಬಿ, ಡಬ್ಬಿ, ಡಬ್ಬಿ. ಆ ಪ್ರಶ್ನೆ ಬರುವಾಗೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ. ಈಗ ನೋಡಲು ಗೂಡ್ಸ್ ಗಾಡಿ ಬಿಟ್ಟು ಏನೂ ಇರಲಿಲ್ಲ.

ಅಕ್ಕಾರು ಹಾಗೆ ಕೇಳಿದಾಗ, ಎಲ್ಲರದೂ ರೀ ಎಂದರೆ ಮುಗಿಯುತ್ತಿತ್ತು. ಅವನ ನಾಲಿಗೆಯೋ, ಹರಪನಹಳ್ಳಿಯಿಂದ ಹಂಪಿಯವರೆಗೆ ಹೆಸರು ಮಾಡಿದ್ದು. ಮನಸ್ಸು ಒಂದು ಹೆಜ್ಜೆ ಇಡುವಷ್ಟರಲ್ಲಿ ಅದು ಪೇಟೆ ಸುತ್ತಿ ಬಂದಿರುತ್ತದೆ. “ನಿಮ್ದು ಬ್ಯಾರೆ ಪೈಪು ಐತ್ರಿ ಅಕ್ಕಾರ. ತುಳಸಿಕಟ್ಟಿ ಹಿಂದಿನ ಮಲ್ಲಿಗಿ ಗಿಡ ಬರೇ ನಿಮ್ಮ ನೀರಿಂದ. ಆ ಹೂವು ನಿಮ್ಮ ದೇವ್ರಿಗೆ ಮೀಸಲು” ಎಂದುಬಿಟ್ಟಿತು. ಅಕ್ಕಾರ ಮುಖ ಮಗ್ಗಿ ಸರಿಯಾಗಿ ಹೇಳಿದ ಮಗುವನ್ನು ನೋಡಿದಂತೆ ಅರಳಿತು. ಅದೇ ಗಳಿಗೆಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಿಂತಿತ್ತು. ಸಮತಾ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಪಟ್ಟಿ ಸರಿಯಾಗಿಯೇ ಇತ್ತು, ಅವನು ನೋಡಿದ್ದ. “ಒಳ್ಳೇ ವಿಚಾರ ರೀ ಸಾವ್ಕಾರ್ರೇ” ಎಂದು ನಕ್ಕು ಹೋದರು. ಆ ನಗುವನ್ನು ಆಮೇಲೆ ಅವನು ಎಷ್ಟೋ ಸಲ ಬಿಚ್ಚಿ, ಒಣಗಿಸಿ, ಮಡಿಚಿ ನೋಡಿದ. ಎಲ್ಲಿ ಮಡಿಚಿದರೂ ಒಂದು ಮೂಲೆ ಹೊರಗೆ ಉಳಿಯುತ್ತಿತ್ತು. ಮರುದಿನವೇ ಪ್ಲಂಬರ್ ದಸ್ತಗಿರಿಗೆ ಹೇಳಿ ನೀಲಿ ಪೈಪು ಹಾಕಿಸಿದ. ಬರೀ ತೋರಿಕೆಗೆ. ಯಾವ ಬಚ್ಚಲಿಗೂ ಹಚ್ಚಿರಲಿಲ್ಲ, ಅದರ ಒಳಗೆ ಒಂದು ಹನಿಯೂ ಹರಿಯುವಂತಿರಲಿಲ್ಲ; ತುಳಸಿಕಟ್ಟೆಯ ಹಿಂದಿನ ಗಿಡವೂ ನೆಲದಡಿಯಲ್ಲಿ ಎಲ್ಲರ ನೀರನ್ನೇ ಕುಡಿಯುತ್ತದೆ. ಅಕ್ಕಾರ ಲೆಕ್ಕಕ್ಕೆ ಪೈಪು ಇದೆ, ಸಮತಾರ ಲೆಕ್ಕಕ್ಕೆ ಪೈಪು ಇಲ್ಲ. ಇಂಥ ಜಾಣತನಕ್ಕೆ ದೊರೆಗಳ ಕಾಲದಲ್ಲಾದರೆ ಊರು ಉಂಬಳಿ ಕೊಡುತ್ತಿದ್ದರು. ಆ ಖುಷಿಯಲ್ಲಿ ಸಮತಾ ಸಿಕ್ಕಾಗ ಬಗ್ಗಿ ಗುಟ್ಟು ಹೇಳಿದ್ದ: “ಸುಳ್ಳು ಪೈಪು ರೀ ಮೇಡಂ. ಅಕ್ಕಾರಿಗೆ ತೋರ್ಸಾಕ ಅಷ್ಟಾ.” ಅವರು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡು ತಾನೇ ಮೊದಲು ನಕ್ಕಿದ್ದ. ಅವರು ನಗಲಿಲ್ಲ. “ಅವರಿಗೆ ತೋರ್ಸಾಕ ಒಂದು ಪೈಪು ಇಟ್ಟೀರಿ” ಎಂದರು. “ನನಗ ತೋರ್ಸಾಕ ಏನಿಟ್ಟೀರಿ ಸಾವ್ಕಾರ್ರೇ? ಆ ಮೂರು ಬಟ್ಟಲಾ?”

ಅಂದಿನಿಂದ ಸಮತಾ ಹೂವಿಗೆ ಇಳಿಯಲಿಲ್ಲ. ಅಂಗಳದ ಮಲ್ಲಿಗೆ ಬಿಡಿಸಲು ಮನೆಗೊಂದು ಸರದಿ ಮಾಡಿದವನು ಪಾಲಾಕ್ಷನೇ. ಉಳಿದವರ ಸರದಿಯ ದಿನ ಗಿಡಗಳು ಬೆಳಗ್ಗೆಯೇ ಬರಿದಾಗುತ್ತಿದ್ದವು. ಸಮತಾರ ಸರದಿ ಬುಧವಾರ. ಮೂರು ಬುಧವಾರದಿಂದ ಮೊಗ್ಗೆಲ್ಲ ಗಿಡದಲ್ಲೇ ಬಿರಿದು, ಸಂಜೆಗೆ ಬಾಡಿ, ಗುರುವಾರ ಮಣ್ಣಿನ ಮೇಲೆ ಕಂದಾಗಿ ಬಿದ್ದಿರುತ್ತಿದ್ದವು. ಅದನ್ನು ನೋಡಿದಾಗೆಲ್ಲ ಪಾಲಾಕ್ಷನಿಗೆ ಯಾರೋ ತನ್ನ ಮುಖದ ಮುಂದೆ ಬಾಗಿಲು ಹಾಕಿದಂತಾಗುತ್ತಿತ್ತು. ಧಡ್ ಎಂದು ಅಲ್ಲ, ಮೆಲ್ಲಗೆ, ಸದ್ದಾಗದಂತೆ. ಸಮತಾ ಮನೆ ಮಾರಿದರೆ ಇನ್ನೊಬ್ಬರು ಕೊಂಡಾರು. ಅವನ ಮನೆಗೆ ದಿಲ್ಲಿಯವರೂ ಸಾಲು ನಿಂತಾರು. ಆದರೆ ಈ ಹೆಣ್ಣುಮಗಳು ಬೀಗ ಹಾಕಿ ಹೋದರೆ, ಹಸಿರುಮಾಳಿಗೆ ಎಂದು ತಾನು ಎದೆ ತಟ್ಟಿ ಹೇಳುವುದೆಲ್ಲ ಬರೀ ಮಣ್ಣಿನ ಇಟ್ಟಿಗೆ ಎಂದು ಅವನಿಗೆ ಗೊತ್ತಿತ್ತು. ಇವತ್ತೂ ಬುಧವಾರ. ಗಾಡಿ ಇನ್ನೂ ಮುಗಿದಿರಲಿಲ್ಲ. ಡಬ್ಬಿಗಳಾಚೆ ಚಿಕ್ಕಂದಿನ ದಿನವೊಂದು ಕಂಡಿತು: ಇಟ್ಟಿಗಿಯ ಮನೆಯ ಮುಂದೆ ಹೀಗೇ ಬಿಸಿಲು. ಕೆಲಸಕ್ಕೆ ಬಂದ ದುರುಗವ್ವ ಕಟ್ಟೆಯ ಕೆಳಗೆ ಬೊಗಸೆ ಒಡ್ಡಿ ಕೂತಿದ್ದಾಳೆ. ಅವ್ವ ಒಳಗಿನಿಂದ, “ಮುಟ್ಟಬ್ಯಾಡಲೇ, ಮ್ಯಾಲಿಂದ ಹಾಕು” ಎನ್ನುತ್ತಾಳೆ. ಎಂಟು ವರ್ಷದ ಪಾಲಾಕ್ಷ ತಂಬಿಗೆ ಎತ್ತಿ ನೀರು ಬಿಡುತ್ತಾನೆ. ಬಿಡುವುದರಲ್ಲಿ ಅವನ ಸಮ ಯಾರಿದ್ದರು! ಮಾಗಳದಿಂದ ಮೈಲಾರದವರೆಗೆ ಅಂಥ ಗುರಿಕಾರ ಇರಲಿಲ್ಲ. ದಿನಕ್ಕೆ ಒಂದು ಗೇಣು ಎತ್ತರ ಮಾಡುತ್ತ, ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು, ಮೇಲಿಂದ ಬೆಳ್ಳಿಯ ದಾರದಂತೆ ನೀರು ಬಿಟ್ಟರೆ ಒಂದು ಹನಿ ಆಚೀಚೆ ಆಗುತ್ತಿರಲಿಲ್ಲ. “ಭೇಷ್ ಸಣ್ಣ ಸಾವ್ಕಾರ” ಎಂದು ದುರುಗವ್ವ ಗುಟುಕಿನ ನಡುವೆ ನಗುತ್ತಿದ್ದಳು. ನಿಜವಾಗಿ ನಗುತ್ತಿದ್ದಳೇ? ಮೇಲಿನಿಂದ ನೋಡಿದವನಿಗೆ ಕಂಡದ್ದು ಅವಳ ಬೈತಲೆ ಮತ್ತು ಬೊಗಸೆ ಮಾತ್ರ. ಮುಖ ಕಂಡಿರಲಿಲ್ಲ.

ಜೇಬಿನಿಂದ ಫೋನು ತೆಗೆದು ದಸ್ತಗಿರಿಗೆ ಹಚ್ಚಿದ. “ಎಲ್ಲದೀಯಲೇ?”

“ಇಲ್ಲೇ ಹಸಿರುಮಾಳಿಗ್ಯಾಗ ರೀ. ಮುನ್ನೀ ಖಾಲಾ ಚಾ ಕೊಟ್ಟಾಳ, ಕುಡ್ಯಾಕತ್ತೀನಿ.”

“ಆ ನೀಲಿ ಪೈಪು ಬಿಚ್ಚಿದೇನು?”

“ಯಾವಾಗ ಬಿಚ್ಚಂದ್ರಿ ನೀವು? ಅಕ್ಕಾರು ಎದಿಮ್ಯಾಲ ನಿಂತು ಅದನ್ನ ಅವರ ಬಚ್ಚಲಕ್ಕ ಹಚ್ಚಿಸಿದ್ರು. ನಿಮ್ಮ ಮಾರಿ ನೋಡಿದೆ, ಗೋಣು ಹಾಕಿದ್ರಿ, ಹಚ್ಚಿದೆ. ಆಮ್ಯಾಲ ನಿತ್ಯ ಕೇಳಿದ್ರ ನಿತ್ಯ ನಾಳಿ ಅಂದ್ರಿ.”

ಹೌದು, ನಾಳೆ ಅಂದಿದ್ದ. ಬಿಚ್ಚು ಎಂದು ಹೇಳಬೇಕೆಂದಾಗೆಲ್ಲ ಮೆಟ್ಟಿಲ ಮೇಲೆ ಸಮತಾರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅಥವಾ ಕೇಳಿದಂತಾಗುತ್ತಿತ್ತು. ಅವರೆದುರು ಆ ಸುಳ್ಳನ್ನು ಮತ್ತೆ ಬಾಯಿಗೆ ತರಲು ನಾಚಿಕೆ.

“ಅಕ್ಕಾರು ಎಲ್ಲಿ?”

“ತಲಿಗೆ ಸೀಗೆಕಾಯಿ ಹಚ್ಕೊಂಡು ಬಚ್ಚಲಕ್ಕ ಹೋದ್ರು ರೀ.”

“ತಡೀಲೇ ಅವರನ್ನ!”

“ಬಚ್ಚಲಾಗ ಇರೋ ಹೆಣ್ಮಗಳನ್ನ ನಾ ಹೆಂಗ ತಡೀಲಿ ಸಾವ್ಕಾರ್ರೇ! ನನಗೂ ಹೆಂಡ್ತಿ ಮಕ್ಳು ಅದಾರ.”

ಗೇಟು ಎದ್ದಿತು. ಆಮೇಲೆ ಪಾಲಾಕ್ಷ ಬೈಕು ಓಡಿಸಿದ್ದನ್ನು ನೋಡಿದ ಕೋಳಿಗಳು ಇವತ್ತಿಗೂ ಆ ರಸ್ತೆ ದಾಟುವ ಮುಂಚೆ ಎರಡು ಸಲ ಯೋಚಿಸುತ್ತವೆ. ಆದರೆ ನೀರು ಬೈಕಿಗಿಂತ ಜೋರು. ಅಕ್ಕಾರ ಮನೆಯ ಬಾಗಿಲಲ್ಲಿ ಮಾವಿನ ತೋರಣ ಇತ್ತು, ನಡುಮನೆಯಲ್ಲಿ ರಂಗೋಲಿ ಇತ್ತು, ಒಲೆಯ ಮೇಲೆ ಇಡಬೇಕಾದ ಹಾಲಿನ ಪಾತ್ರೆಗೆ ಅರಿಶಿನ ಹಚ್ಚಿ ಇಟ್ಟಿತ್ತು. ಒಳಗಿನಿಂದ ಮಾತ್ರ, “ಲೇ ಪಾಲಾಕ್ಷಾ!” ಎಂಬ ಕೂಗು ಬರುತ್ತಿತ್ತು. ಆ ಕೂಗಿಗೆ ಒಂದು ಕಾಲದಲ್ಲಿ ಇಟ್ಟಿಗಿ ಶಾಲೆಯ ಹೆಂಚು ಹಾರಿದ್ದುಂಟು. ಬಚ್ಚಲ ಬಾಗಿಲಡಿಯಿಂದ ಕಂದು ನೀರು ನಡುಮನೆಗೆ ಬಂದು, ರಂಗೋಲಿಯ ಒಂದು ಎಸಳನ್ನು ನೆಕ್ಕಿ, ಇನ್ನೊಂದರ ಕಡೆ ನೋಡುತ್ತಿತ್ತು. ನೀಲಿ ಪೈಪು ತನ್ನ ಹೊಟ್ಟೆಗೆ ಹಿಡಿಸಿದಷ್ಟು ಕುಡಿದು, ಉಳಿದದ್ದನ್ನು ಯಾರು ಕೊಟ್ಟರೋ ಅವರ ಪಾದಕ್ಕೇ ಹಿಂತಿರುಗಿಸಿತ್ತು. ಬಾಗಿಲು ತೆರೆಯಿತು. ಹಳೆಯ ಸೀರೆ ಮೈಗೆ ಸುತ್ತಿಕೊಂಡು, ತಲೆತುಂಬ ಸೀಗೆಕಾಯಿಯ ನೊರೆ ಹೊತ್ತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಅಕ್ಕಾರು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು. ಮೊಣಕಾಲು ಎಂದು ಪಾಲಾಕ್ಷ ಆಮೇಲೆ ಹೇಳಿದ್ದು. ಮುನ್ನೀ ಬೀ ಪ್ರಕಾರ ಕಾಲುಂಗುರ ಮುಳುಗಿತ್ತು, ಅಷ್ಟೇ.

“ಕಣ್ಣು ಉರಿಯಾಕತ್ತಾವೋ! ಮತ್ತೊಂದು ತಂಬಿಗಿ ಹಾಕ್ಕೊಂಡ್ರ ಇದು ಹೊಸ್ತಿಲು ದಾಟತೈತಿ! ದೇವ್ರ ಪಟ ಕೆಳಗೈತಿ! ಯಾರರ ಬರ್ರಿ!”

ಪಾಲಾಕ್ಷ ಹೊಸ್ತಿಲಲ್ಲೇ ನಿಂತ. ಗೋಣಿಚೀಲ ಹುಡುಕುವವನಂತೆ ಸುತ್ತ ನೋಡಿದ. ಅವನ ಪಕ್ಕದಿಂದಲೇ ಯಾರೋ ದಾಟಿಹೋದರು, ಚಪ್ಪಲಿ ಇಲ್ಲದೆ. ಸಮತಾ ನೀರಿಗೆ ಕಾಲಿಟ್ಟು, ದೇವರ ಪಟ ಎತ್ತಿ ಕಪಾಟಿನ ಮೇಲಿಟ್ಟು, ಅಕ್ಕಾರ ಕೈ ಹಿಡಿದರು.

“ಬರ್ರಿ ಅಕ್ಕಾರ. ಕಣ್ಣು ತೆರಿಬ್ಯಾಡ್ರಿ. ಮ್ಯಾಲ ನಮ್ಮ ಬಚ್ಚಲದಾಗ ತೊಳ್ಕೊಳ್ರಿ. ಇಲ್ಲಿ ಹೊಸ್ತಿಲು. ಇಲ್ಲಿ ಮೆಟ್ಲು.”

“ಯಾರವ್ವಾ ನೀನು?”

“ಮ್ಯಾಲಿನಾಕಿ.”

ಒಂದು ಗಳಿಗೆ ಇಡೀ ಹಸಿರುಮಾಳಿಗೆ, ಅದರ ಹತ್ತು ಲಕ್ಷ ಇಟ್ಟಿಗೆ, ಉಸಿರು ಹಿಡಿಯಿತು. ಅಕ್ಕಾರ ಕೈ ಸಮತಾರ ಕೈಯೊಳಗೆ ಹಾಗೇ ಇತ್ತು. ಬಿಡಿಸಿಕೊಳ್ಳಲಿಲ್ಲ; ಬಿಗಿ ಹಿಡಿಯಲೂ ಇಲ್ಲ. ಆಮೇಲೆ ಒಂದು ನೊರೆಯ ಮುದ್ದೆ ಹುಬ್ಬಿನಿಂದ ಜಾರಿತು. “ನಡಿಯವ್ವಾ ಲಗೂನ, ಸತ್ತೆ!” ಎಂದರು. ಇಬ್ಬರೂ ಮೆಟ್ಟಿಲು ಹತ್ತಿದರು. ಪಾಲಾಕ್ಷ ದಸ್ತಗಿರಿಯ ಜೊತೆ ಚೀಲ ಹಾಸಿ ನೀರು ಹಿಂಡಲು ಕೂತ. ಐವತ್ತು ದಾಟಿದ ಸಾಹುಕಾರ ಕಚ್ಚೆ ಕಟ್ಟಿ ಹೊಸ ಮನೆಯ ನೆಲ ಒರೆಸುವುದನ್ನು ಬಾಗಿಲಲ್ಲಿ ನಿಂತವರೆಲ್ಲ ನೋಡಿದರು. ಅವನಿಗೆ ವಿಚಿತ್ರವೆಂದರೆ, ಸೊಂಟ ಬಗ್ಗಿಸಿದಷ್ಟು ಹೊತ್ತು ಹೊಟ್ಟೆಯೊಳಗಿನ ಆ ಪೈಪು ಚುಚ್ಚುತ್ತಿರಲಿಲ್ಲ. ಹೊರಗಿನಿಂದ ಮುನ್ನೀ ಬೀ, “ಟೀವಿ ನೋಡ್ರಿ ಸಾವ್ಕಾರ್ರೇ, ಅಕ್ಕಾರು ಬಂದ್ರು!” ಎಂದಳು. ಗಾಜಿನ ಹಿಂದೆ, ಸಮತಾರ ಪೈಪಿನ ಬಾಯಿಂದ, ಸೀಗೆಕಾಯಿಯ ಕಂದು ನೀರು ಗತ್ತಿನಿಂದ ಧುಮುಕಿತು. ಕೆಳಗೆ ಮುನ್ನೀ ಬೀಯ ಸಾಬೂನಿನ ನೊರೆ ಸುಮ್ಮನೆ ಕೂತಿತ್ತು. ಎರಡೂ ಒಂದು ಸುತ್ತು ತಿರುಗಿದವು. ಆಮೇಲೆ ಯಾವುದು ಯಾವುದು ಎಂದು ತಿಳಿಯಲಿಲ್ಲ.

ಅಕ್ಕಾರು ಇಳಿದು ಬಂದಾಗ ತಲೆಗೆ ಹಳದಿ ಟವೆಲ್ಲು ಸುತ್ತಿದ್ದರು. ಟವೆಲ್ಲು ಅವರದಲ್ಲ. “ಆಕಿ ಬಚ್ಚಲ ಚೊಕ್ಕ ಐತಿ” ಎಂದು ಯಾರೂ ಕೇಳದಿದ್ದರೂ ಹೇಳಿ, ದಸ್ತಗಿರಿಯ ಕಡೆ ತಿರುಗಿದರು. “ಈಗ ಹೇ‍ಳೋ. ನೀಲಿ ಪೈಪು ಎಲ್ಲಿಗೆ ಹೋಗತೈತಿ?”

ದಸ್ತಗಿರಿ ಪಾಲಾಕ್ಷನ ಮುಖ ನೋಡಿದ. ಪಾಲಾಕ್ಷನ ನಾಲಿಗೆಯ ಮೇಲೆ ನೂರು ಸುಳ್ಳು ತಯಾರಾಗಿ ನಿಂತಿದ್ದವು. ಒಂದೂ ಹೊರಗೆ ಬರಲಿಲ್ಲ. ಅವನ ಜೀವಮಾನದಲ್ಲಿ ಹೀಗಾದದ್ದು ಅದೇ ಮೊದಲು.

“ಎಲ್ಲಿಗೂ ಇಲ್ರಿ ಅಕ್ಕಾರ. ತುಳಸಿಕಟ್ಟಿ ಹಿಂದ ನಿಂತೈತಿ. ನಿಂದ್ರಿಸಿದವ್ರು ಸಾವ್ಕಾರ್ರು” ಎಂದ ದಸ್ತಗಿರಿ.

“ಹಂಗಾರ ಆ ಮಲ್ಲಿಗಿ ಗಿಡ ಏನು ಕುಡದು ಹೂ ಬಿಡಾಕತ್ತೈತೋ?”

“ಎಲ್ಲಾರ್ದೂ ರೀ.”

“ಅಯ್ಯ ನಿನ್ನ! ನಾ ಬಂದಾಗೊಮ್ಮೆ ಆ ಹೂವ ಕೊಟ್ಟೂರಿಗೆ ಒಯ್ದು ನಮ್ಮನಿ ದೇವ್ರಿಗೆ ಏರ್ಸೀನಲ್ಲೋ!”

“ದೇವ್ರು ಏನರ ಅಂದಾನೇನ್ರಿ ಅಕ್ಕಾರ?” ಮುನ್ನೀ ಬೀ ನಿಜವಾದ ಕಾಳಜಿಯಿಂದ ಕೇಳಿದಳು.

ಅಕ್ಕಾರು ಯೋಚಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಜೀವ. “ಏನೂ ಅಂದಿಲ್ಲವ್ವಾ. ಎರಡು ದಿನ ಬಾಡ್ಲಿಲ್ಲ ಹೂವು” ಎಂದು, ಬಲಗೈ ಚಾಚಿ ಪಾಲಾಕ್ಷನ ಕಿವಿ ಹಿಡಿದು ತಿರುವಿದರು. “ಮೂರನೇ ಕ್ಲಾಸಿನಿಂದ ಹಿಂಗಾ ಇವನು. ಬಿಚ್ಚಿ ಎಲ್ಲಾರದ್ರಾಗ ಕೂಡಿಸೋ ದಸ್ತಗಿರಿ. ನನ್ನ ನೀರು ತಿರುಗಿ ನನ್ನ ಕಾಲಾಗಾ ನಿಂತ್ರ ಅದ್ಯಾವ ಮಡಿ?”

“ತಡೀರಿ” ಎಂದರು ಸಮತಾ. ಕೊನೆಯ ಮೆಟ್ಟಿಲ ಮೇಲೆ, ಒದ್ದೆ ಕಾಲಿನಲ್ಲಿ ನಿಂತಿದ್ದರು. “ಎಲ್ಲಾರದ್ರಾಗ ನಂದೂ ಐತಿ. ನನ್ನ ನೀರಾಗ ಯಾರ ನೀರು ಕೂಡಬೇಕು ಅಂತ ನನ್ನೂ ಒಂದು ಮಾತು ಕೇಳಬೇಕಲ್ರಿ?”

ಅಕ್ಕಾರು ತಲೆಯ ಟವೆಲ್ಲು ಬಿಗಿದುಕೊಂಡರು. ಎಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಅವರ ಕಡೆಗೆ ಈ ದಿಕ್ಕಿನಿಂದ ಬಂದಿರಲಿಲ್ಲ. ದಸ್ತಗಿರಿ ಪೈಪು ಬಿಚ್ಚಲು ಹಿಡಿದ ಪಾನಾ ಇಳಿಸಿದ. ಪಾಲಾಕ್ಷನ ಲೆಕ್ಕದಲ್ಲಿ ಇನ್ನೊಂದು ಗೂಡ್ಸ್ ಗಾಡಿ ದಾಟಿಹೋಯಿತು. ಕೊನೆಗೆ ಅಕ್ಕಾರು ತರಗತಿಯಲ್ಲಿ ಮಾತಾಡುವಂತೆ ನೆಟ್ಟಗೆ ನಿಂತು ಹೇಳಿದರು. “ಕೇಳಬೇಕು. ಖರೇ ಐತಿ. ಕೇಳ್ತೀನವ್ವಾ: ಕೂಡಿಸಬೌದಾ?”

“ನಿಮ್ದು ಆಗಲೇ ಕೂಡೈತಿ ಬಿಡ್ರಿ ಅಕ್ಕಾರ. ಕಣ್ಣು ಮುಚ್ಚಿದ್ರಿ, ಯಾರ ಕೈ ಅಂತ ಗೊತ್ತಾಗ್ಲಿಲ್ಲೇನೋ.”

“ಸೀಗೆಕಾಯಿ ಬಿದ್ದಿದ್ದು ಕಣ್ಣಾಗ. ಕಿವಿಯಾಗ ಅಲ್ಲ” ಎಂದರು ಅಕ್ಕಾರು ಸಿಡುಕಿನಿಂದ. “ಮ್ಯಾಲಿನಾಕಿ ಅಂದಿ, ಕೇಳಿಸ್ತು.”

ಸಮತಾರ ಮುಖದಲ್ಲಿ ಏನೋ ಸಡಿಲಾಯಿತು. ಆಮೇಲೆ ಅವರು ಪಾಲಾಕ್ಷನ ಕಡೆ ತಿರುಗಿದರು. “ನಾ ಕೇಳೋದು ಸಾವ್ಕಾರ್ರದ್ದು. ನಾನೂ ಇಲ್ಲೇ ಇರ್ತೀನಿ ಅಂದು ಮನಿ ಮಾರಿದ್ರಿ. ಎಲ್ಲಾರ ನೀರೂ ಟೀವ್ಯಾಗ ಬಂತು. ನಿಮ್ದು ಎಲ್ಲೈತ್ರಿ?”

“ಅದು... ಮುಂದಿನ ತಿಂಗ್ಳು...” ನಾಲಿಗೆ ಆಗ ತಾನೇ ಕುಂಟುತ್ತ ಎದ್ದಿತ್ತು.

“ಅವರ ಪೈಪಿನಾಗ ಜ್ಯಾಡ ಮನಿ ಮಾಡೈತ್ರಿ” ಎಂದ ದಸ್ತಗಿರಿ, ಅನ್ನ ಹಾಕಿದ ಧಣಿಗೆ ದ್ರೋಹ ಬಗೆದು. “ಮಕ್ಳು ಮರಿ ಆಗ್ಯಾವು.”

“ಬೆಳಗ್ಗೆ ಜಳಕಾನೂ ಆಗಿಲ್ಲ, ವಾಸನಿ ಬರಾಕತ್ತೈತಿ” ಎಂದು ಅಕ್ಕಾರು ಮೂಗು ಮುಚ್ಚಿಕೊಂಡರು. “ಹತ್ತಲೇ ಮ್ಯಾಲ. ಹಾಲು ಆಮ್ಯಾಲ ಉಕ್ತೈತಿ.” ಉಳಿದ ಸೀಗೆಕಾಯಿ ಪುಡಿಯ ಬಟ್ಟಲನ್ನು ಅವನ ಕೈಗೆ ತುರುಕಿದರು. ಮುನ್ನೀ ಬೀ ಒಂದು ಬಕೆಟ್ಟು, ಒಂದು ತಂಬಿಗೆ ತಂದಳು. ಪಾಲಾಕ್ಷ ಸಮತಾರ ಮುಖ ನೋಡಿದ. ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಮೊದಲ ಸಲ ಅವನು ಕೆಳಗಿನಿಂದ ಮೇಲೆ ನೋಡುತ್ತಿದ್ದ, ಅವರು ಮೆಟ್ಟಿಲ ಮೇಲಿದ್ದರು. ಮುಖ ಪೂರ್ತಿ ಕಾಣುತ್ತಿತ್ತು.

ಮೂರನೇ ಅಂತಸ್ತಿನ ಬಚ್ಚಲಲ್ಲಿ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ನಲ್ಲಿ ತಿರುವಿದರೆ ತಾರಸಿಯ ಟ್ಯಾಂಕಿನ ನೀರು ಕೆಂಡದಂತೆ ಬಂತು. ಅನ್ನ ಬೇಯಿಸಬಹುದು, ಅಕ್ಕಿ ಮಾತ್ರ ತರಬೇಕು. ಅಂಗಿ ಕಳಚಿದ. ತನ್ನದೇ ಹೊಟ್ಟೆ, ತನ್ನದೇ ಮೊಣಕಾಲು, ಕುತ್ತಿಗೆಯ ಮಡಿಕೆಯಲ್ಲಿ ಇಟ್ಟಿಗೆಯ ಕೆಂಪು ಧೂಳು. ಇದೆಲ್ಲ ಈಗ ಗಾಜಿನ ಹಿಂದೆ ಓಣಿಗೆ ಓಣಿಯೇ ನೋಡುವಂತೆ ಬೀಳಲಿದೆ ಎಂದುಕೊಂಡಾಗ ಅವನಿಗೆ ಬಾಗಿಲು ಹಾಕಿದ್ದರೂ ನಡುಬೀದಿಯಲ್ಲಿ ನಿಂತಂತಾಯಿತು. ಮತ್ತು, ಆಶ್ಚರ್ಯ, ಕಚಗುಳಿ ಇಟ್ಟಂತೆ ನಗು ಬಂತು. ತಂಬಿಗೆ ತುಂಬಿ ಎತ್ತಿದ. ಕೈ ತನಗೆ ತಾನೇ ಮೇಲೆ ಹೋಯಿತು, ಆ ಹಳೆಯ ಎತ್ತರಕ್ಕೆ, ತುದಿಗಾಲ ಎತ್ತರಕ್ಕೆ. ಕೆಳಗೆ ಯಾರೂ ಬೊಗಸೆ ಒಡ್ಡಿರಲಿಲ್ಲ. ಒಂದು ಕ್ಷಣ ನಿಂತು, ತನ್ನ ಎಡಗೈಯನ್ನೇ ಕೆಳಗೆ ಒಡ್ಡಿದ. ನೀರು ಬಿಟ್ಟ. ಮಾಗಳದಿಂದ ಮೈಲಾರದವರೆಗೆ ಸಾಟಿಯಿಲ್ಲದ ಆ ಗುರಿ ತಪ್ಪಿತು. ಸುಡುನೀರು ಅಂಗೈ ಬಿಟ್ಟು ಕಾಲ ಮೇಲೆ ಬಿತ್ತು, “ಅವ್ವಾ!” ಎಂದು ಕುಣಿದ, ಬಟ್ಟಲು ಉರುಳಿತು, ಸೀಗೆಕಾಯಿ ಪುಡಿ ಕಣ್ಣಿಗೆ ಹಾರಿತು. ಕಣ್ಣು ಮುಚ್ಚಿಕೊಂಡು ಅವನು ತಂಬಿಗೆಗಾಗಿ ನೆಲ ತಡಕಾಡತೊಡಗಿದ.

ಪೈಪಿನೊಳಗಿಂದ ಕೆಳಗಿನ ದನಿಗಳು ಹಬೆಯಂತೆ ಮೇಲೆ ಬಂದವು. ಮೊದಲು ಮುನ್ನೀ ಬೀ: “ಬಂತು, ಬಂತು! ಜ್ಯಾಡ ಓಡ್ತು ನೋಡ್ರಿ!” ಆಮೇಲೆ ಅಕ್ಕಾರು: “ಅಯ್ಯಯ್ಯ, ಏನು ಬಣ್ಣವೋ ಇದು! ಕೆರಿ ಕಟ್ಟಿ ಒಡ್ದಂಗ!” ಆಮೇಲೆ ಒಂದು ನಗು. ಬಿದ್ದು ಬಿದ್ದು ನಗುವ ನಗು. ಮೂರು ವಾರದಿಂದ ಅವನು ಬಿಚ್ಚಿ ಮಡಿಚಿ ನೋಡಿದ ನಗು ಅದಲ್ಲ; ಇದಕ್ಕೆ ಮೂಲೆಗಳೇ ಇರಲಿಲ್ಲ.

“ಮುನ್ನೀ ಆಪಾ, ಹೂವಿನ ಬುಟ್ಟಿ ಎಲ್ಲಿಟ್ಟೀರಿ?” ಸಮತಾ ಕೇಳುತ್ತಿದ್ದರು. “ಇವತ್ತು ಬುಧವಾರ, ನನ್ನ ಸರದಿ. ಅಕ್ಕಾರ ಪೂಜಿಗೂ ಬೇಕಲ್ಲ.” ಆಮೇಲೆ ದನಿ ಪೈಪಿನ ಬಾಯಿಗೆ ಸರಿಯಾಗಿ ತಿರುಗಿ, ಮೂರಂತಸ್ತು ಏರಿ ಅವನ ಕಿವಿಗೆ ಬಂತು. “ಸಾವ್ಕಾರ್ರೇ! ಇನ್ನೊಂದು ತಂಬಿಗಿ ಹಾಕ್ಕೊರಿ! ಇನ್ನೂ ಕೆಂಪಗ ಬರಾಕತ್ತೈತಿ!”